ಡುಬ್ಬ ಇದ್ದನಂತೆ

"ಲೈಟ್ ಆರಿಸಬೇಡ ಅಪ್ಪ. ಡುಬ್ಬನಿಗೆ ಕೋಪ ಬಂದಿದೆ."

ರಾತ್ರಿ ಹತ್ತೂವರೆ. ಮರುದಿನ ಆಫೀಸಿನಲ್ಲಿ ತಿಂಗಳ ಕೊನೆಯ ಲೆಕ್ಕ ಮುಗಿಸಬೇಕಿತ್ತು. ನನಗೆ ಬೇಕಾಗಿದ್ದದ್ದು ನಿದ್ದೆ.

ಡುಬ್ಬ ಅಂದರೆ ನಮ್ಮ ವಾಷಿಂಗ್ ಮೆಷಿನ್ ಹಿಂದೆ ಇರುವವನು. ಬಕೆಟ್ಟಿನಷ್ಟು ಎತ್ತರ. ಬೆನ್ನ ಮೇಲೆ ಡುಬ್ಬ ಇದೆ, ಅದಕ್ಕೇ ಆ ಹೆಸರು. ಬಟ್ಟೆ ಹಿಂಡುವಾಗ ಗಡಗಡ ಅಂತ ಸದ್ದು ಬರುತ್ತದಲ್ಲ, ಅದು ಮೆಷಿನ್ನಿನ ಸದ್ದಲ್ಲವಂತೆ, ಅವನು ನಗುವುದಂತೆ. ನಾಲ್ಕೂವರೆ ವರ್ಷದ ನನ್ನ ಮಗಳು ಅವನನ್ನು ಕಂಡುಹಿಡಿದು ಆಗ ಎರಡು ತಿಂಗಳಾಗಿತ್ತು. ಅಲ್ಲಿಯವರೆಗೆ ಅವನು ಒಳ್ಳೆಯವನೇ ಆಗಿದ್ದ. ಆ ರಾತ್ರಿ ಯಾಕೋ ಕೆಟ್ಟಿದ್ದ.

"ಡುಬ್ಬ ಅಂತ ಯಾರೂ ಇಲ್ಲ ಪುಟ್ಟಿ. ಅವನನ್ನ ನೀನೇ ಮಾಡಿದ್ದಲ್ವಾ?" ಅಂದೆ.

"ನಂಗೊತ್ತು" ಅಂದಳು. ಸ್ವಲ್ಪವೂ ತಡಮಾಡಲಿಲ್ಲ. "ಆದ್ರೂ ಕೋಪ ಬಂದಿದೆ."

ನಾನು ಲೆಕ್ಕಪತ್ರ ನೋಡುವವನು. ಪುಸ್ತಕದಲ್ಲಿ ಮಾಲು ಇದೆ ಅಂತ ಬರೆದಿದ್ದರೆ ಗೋದಾಮಿನಲ್ಲೂ ಇರಬೇಕು. ಇಲ್ಲದಿದ್ದರೆ ಇಲ್ಲ. ಇಲ್ಲದ ಮಾಲು ಕೋಪ ಮಾಡಿಕೊಂಡದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಲೈಟ್ ಉರಿಯುತ್ತಲೇ ಇತ್ತು. ಅವಳು ಮಲಗಿದಳು, ನಾನು ಎದ್ದಿದ್ದೆ.

ಮರುದಿನ ಒಂದು ಉಪಾಯ ಹೊಳೆಯಿತು. ಹೊಳೆಯಿತು ಅನ್ನುವುದು ಸುಳ್ಳು, ಎಲ್ಲೋ ಓದಿದ್ದೆ. ಗಿಡಕ್ಕೆ ನೀರು ಚಿಮುಕಿಸುವ ಬಾಟಲಿ ತೊಳೆದು, ನೀರು ತುಂಬಿ, ಮೇಲೆ ಒಂದು ಚೀಟಿ ಅಂಟಿಸಿದೆ: "ಡುಬ್ಬ ಓಡಿಸುವ ಔಷಧಿ". ಮಲಗುವ ಮೊದಲು ಮಂಚದ ಕೆಳಗೆ ಎರಡು ಸಲ, ಬಾಗಿಲ ಹತ್ತಿರ ಎರಡು ಸಲ. ಮೊದಲ ರಾತ್ರಿ ಕೆಲಸ ಮಾಡಿತು. ಎರಡನೆಯ ರಾತ್ರಿಯೂ ಮಾಡಿತು. ಮೂರನೆಯ ದಿನ ನಾನು ಆಫೀಸಿನಲ್ಲಿ ಈ ವಿದ್ಯೆಯನ್ನು ಇನ್ನಿಬ್ಬರು ಅಪ್ಪಂದಿರಿಗೆ ದಾನವನ್ನೂ ಮಾಡಿದೆ.

ನಾಲ್ಕನೆಯ ರಾತ್ರಿ ಅವಳು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಅಪ್ಪ, ಔಷಧಿ ಇದೆ ಅಂದ್ರೆ ಡುಬ್ಬ ನಿಜವಾಗ್ಲೂ ಇದ್ದಾನೆ ಅಂತ ಅಲ್ವಾ?"

ಸರಿಯಾಗಿಯೇ ಕೇಳಿದ್ದಳು. ಖರ್ಚು ಬರೆದ ಮೇಲೆ ಮಾಲು ಎಲ್ಲಿ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಮೂರು ದಿನದಿಂದ ಡುಬ್ಬನ ಹೆಸರಿನಲ್ಲಿ ಖಾತೆ ತೆರೆದು ದಿನಾ ರಾತ್ರಿ ನಾನೇ ಸಹಿ ಹಾಕಿಕೊಡುತ್ತಿದ್ದೆ. ಅಷ್ಟು ದಿನ ಅವನು ಅವಳ ಆಟದಲ್ಲಿ ಮಾತ್ರ ಇದ್ದ. ಅವನನ್ನು ಮನೆಯೊಳಕ್ಕೆ ತಂದವನು ನಾನು. ಅಷ್ಟಕ್ಕೇ ಬಿಡಲಿಲ್ಲ ಅವಳು. "ಬಾಟ್ಲಿ ಖಾಲಿ ಆದ್ರೆ ಏನು ಮಾಡೋದು?"

ಔಷಧಿಯ ಉಪಾಯ ಕೆಲವು ಮಕ್ಕಳಿಗೆ ಒಗ್ಗಬಹುದು. ಆಟ ಅಂತ ಇಬ್ಬರಿಗೂ ಗೊತ್ತಿದ್ದು ಆಡಿದರೆ ತೊಂದರೆ ಇರಲಿಕ್ಕಿಲ್ಲ. ನಾನು ಹಾಗೆ ಮಾಡಲಿಲ್ಲ. ಡಾಕ್ಟರರ ಮುಖ ಹಾಕಿಕೊಂಡು ಮಾಡಿದೆ. ಅಲ್ಲಿ ಎಡವಿದ್ದು.

ಆ ವಾರ ಜಾಸ್ತಿ ಓದಿದೆ. ಓದಿದ್ದರಲ್ಲಿ ಒಂದು ತಲೆಯಲ್ಲಿ ಕೂತುಬಿಟ್ಟಿದೆ. ಪಾಲ್ ಹ್ಯಾರಿಸ್ ಎಂಬ ಮನಶ್ಶಾಸ್ತ್ರಜ್ಞ ತನ್ನ ಜೊತೆಗಾರರೊಂದಿಗೆ 1991ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಪುಟ್ಟ ಮಕ್ಕಳಿಗೆ ಖಾಲಿ ಪೆಟ್ಟಿಗೆಗಳನ್ನು ತೋರಿಸುತ್ತಾರೆ. ಒಳಗೆ ಏನೂ ಇಲ್ಲ ಅಂತ ಮಕ್ಕಳೇ ನೋಡುತ್ತಾರೆ. ಆಮೇಲೆ ಒಂದು ಪೆಟ್ಟಿಗೆಯಲ್ಲಿ ಮೊಲ ಇದೆ ಅಂದುಕೋ ಅಂತ ಕೆಲವರಿಗೆ, ಭೂತ ಇದೆ ಅಂದುಕೋ ಅಂತ ಇನ್ನು ಕೆಲವರಿಗೆ ಹೇಳುತ್ತಾರೆ. ನಿಜವಾಗಿಯೂ ಇದೆಯಾ ಅಂತ ಕೇಳಿದರೆ ಮಕ್ಕಳು ಇಲ್ಲ, ಸುಮ್ನೆ ಅಂದುಕೊಂಡದ್ದು ಅನ್ನುತ್ತಾರೆ. ಅಷ್ಟು ಹೇಳಿಸಿಕೊಂಡು ದೊಡ್ಡವರು ಕೋಣೆಯಿಂದ ಹೊರಗೆ ಹೋಗುತ್ತಾರೆ. ಒಬ್ಬರೇ ಉಳಿದ ಮೇಲೆ ಎಷ್ಟೋ ಮಕ್ಕಳು ಮೆಲ್ಲಗೆ ಹೋಗಿ ಪೆಟ್ಟಿಗೆ ತೆರೆದು ನೋಡಿದರು. ಕೆಲವು ಚಿಕ್ಕ ಮಕ್ಕಳು ಹೊರಗೆ ಹೋಗಲೇಬೇಡಿ ಅಂದರು.

ನಂಗೊತ್ತು, ಆದ್ರೂ. ನನ್ನ ಮಗಳು ಎರಡು ಮಾತಲ್ಲಿ ಹೇಳಿ ಮುಗಿಸಿದ್ದು ಇದನ್ನೇ.

ಮಕ್ಕಳು ತಾನೇ ಅನ್ನಬೇಡಿ. ಪಾಲ್ ರೋಜಿನ್ ಎಂಬವರು 1986ರಲ್ಲಿ ದೊಡ್ಡವರ ಮೇಲೆ ಮಾಡಿದ ಪ್ರಯೋಗವೂ ಇದೆ. ಎರಡು ಬಾಟಲಿಗೆ ಕಣ್ಣೆದುರೇ ಸಕ್ಕರೆ ಸುರಿದರು. ಒಂದಕ್ಕೆ ಸಕ್ಕರೆ, ಇನ್ನೊಂದಕ್ಕೆ ಸೈನೈಡ್ ಅಂತ ಬರೆದ ಚೀಟಿ. ಆ ಚೀಟಿ ಅಂಟಿಸಿದವರು ಬೇರೆ ಯಾರೂ ಅಲ್ಲ, ಪ್ರಯೋಗಕ್ಕೆ ಬಂದವರೇ. ಆದರೂ ಸೈನೈಡ್ ಚೀಟಿಯ ಬಾಟಲಿಯ ಸಕ್ಕರೆ ನೀರು ಕುಡಿಯಲು ಅವರಿಗೆ ಮನಸ್ಸು ಒಪ್ಪಲಿಲ್ಲ. ಇದನ್ನು ಹೆಂಡತಿಗೆ ಓದಿ ಹೇಳಿದೆ. "ಹಾಗಾದ್ರೆ ನಿಮ್ಮ ಔಷಧಿ ಬಾಟಲಿಯ ನೀರನ್ನ ನೀವು ಕುಡೀರಿ ನೋಡೋಣ" ಅಂದಳು. ಕುಡಿಯಲಿಲ್ಲ. ಅದು ಗಿಡದ ಬಾಟಲಿ ಅನ್ನುವ ಕಾರಣಕ್ಕೆ, ಬೇರೇನಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನಾನು ಜಾಣನಾಗಬೇಕಿತ್ತು. ಮುಂದಿನ ತಪ್ಪು ಇನ್ನೂ ದೊಡ್ಡದು.

ಒಂದು ಸಂಜೆ ಕೆಳಗಿನ ಮನೆಯ ಆಂಟಿ ಹೆಂಡತಿಗೆ ಫೋನ್ ಮಾಡಿ ಅಭಿನಂದನೆ ಹೇಳಿದರು. ಯಾಕೆ ಅಂದರೆ ನಮ್ಮ ಮನೆಗೆ ಪಾಪು ಬಂದಿದೆ ಅಂತ ನಮ್ಮ ಮಗಳು ಹೇಳಿದ್ದಾಳೆ. ಸುಮ್ಮನೆ ಹೇಳಿದ್ದಲ್ಲ. ಪಾಪುವಿಗೆ ಒಂದೇ ಹಲ್ಲು, ಹೆಸರು ಇನ್ನೂ ಇಟ್ಟಿಲ್ಲ, ರಾತ್ರಿಯೆಲ್ಲ ಅಳುತ್ತದೆ ಅಂತ ವಿವರ ಬೇರೆ. ಹುಟ್ಟಿದ ಪಾಪುವಿಗೆ ಹಲ್ಲು ಹೇಗೆ ಅನ್ನುವ ಅನುಮಾನ ಆಂಟಿಗೂ ಬರಲಿಲ್ಲ ನೋಡಿ.

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಕರೆದು ಜೋರಾಗಿಯೇ ಕೇಳಿದೆ. "ಸುಳ್ಳು ಹೇಳ್ತೀಯಾ?"

ಅವಳ ಮುಖ ಸಣ್ಣಗಾಯಿತು. ಅಳಲಿಲ್ಲ. ಅತ್ತಿದ್ದರೆ ನನಗೆ ವಾಸಿ ಇತ್ತು. ಆಮೇಲೆ ನಾಲ್ಕೈದು ದಿನ ಅವಳು ಏನು ಹೇಳಬೇಕಾದರೂ ಮೊದಲೇ "ಇದು ಸುಳ್ಳು ಅಪ್ಪ" ಅಂತ ಶುರು ಮಾಡುತ್ತಿದ್ದಳು. ಇದು ಸುಳ್ಳು ಅಪ್ಪ, ನಾನು ಮೋಡದ ಮೇಲೆ ಹೋಗಿದ್ದೆ. ಇದು ಸುಳ್ಳು ಅಪ್ಪ, ಡುಬ್ಬ ಇವತ್ತು ಸ್ನಾನ ಮಾಡಿದ. ಆರೋಪಿಯ ಹೇಳಿಕೆ ಕೇಳಿದ ಹಾಗೆ ಆಗುತ್ತಿತ್ತು. ಆಮೇಲೆ ಅದೂ ನಿಂತಿತು. ಡುಬ್ಬನ ಸುದ್ದಿಯೇ ಇಲ್ಲ.

ನಮ್ಮ ಭಾಷೆಯದ್ದೂ ಇದರಲ್ಲಿ ಸ್ವಲ್ಪ ಪಾಲಿದೆ ಅನ್ನಿಸುತ್ತದೆ. ನಿಜ ಅಲ್ಲದ್ದಕ್ಕೆಲ್ಲ ನಮ್ಮ ಬಾಯಿಗೆ ತಟ್ಟನೆ ಬರುವ ಪದ ಒಂದೇ, ಸುಳ್ಳು. ಮೋಸ ಮಾಡಿದರೂ ಸುಳ್ಳು, ತಪ್ಪಾಗಿ ಹೇಳಿದರೂ ಸುಳ್ಳು, ಮನಸ್ಸಲ್ಲಿ ಕಟ್ಟಿಕೊಂಡು ಹೇಳಿದರೂ ಸುಳ್ಳು. ಕಲ್ಪನೆ ಅನ್ನುವ ಪದ ಇದೆ, ಆದರೆ ಅದು ಶಾಲೆಯ ಪ್ರಬಂಧದ ಪದ. ನಾಲ್ಕು ವರ್ಷದ ಮಗುವಿನ ಎದುರು ಕೂತು "ಇದು ನಿನ್ನ ಕಲ್ಪನೆ" ಅಂದು ನೋಡಿ. ನಾನು ಅಂದಿದ್ದೇನೆ. ಕಲ್ಪನಾ ಅಂದ್ರೆ ಯಾರು ಅಂತ ಕೇಳಿದಳು.

ದಾರಿ ತೋರಿಸಿದ್ದು ಹೆಂಡತಿ. "ಅವರಿಬ್ಬರೂ ಆಡೋದನ್ನ ಒಂದ್ಸಲ ಕೂತು ಕೇಳಿ" ಅಂದಳು. ಭಾನುವಾರ ಪೇಪರ್ ಹಿಡಿದುಕೊಂಡು ಕೂತೆ. ಎಂಟು ವರ್ಷದ ಮಗ ಮತ್ತು ಇವಳು ಆಡುತ್ತಿದ್ದರು.

"ನೀನು ಡಾಕ್ಟರ್ ಅಂತೆ. ನಂಗೆ ಕಾಲು ಮುರಿದಿದೆಯಂತೆ."

"ಇದು ಇಂಜೆಕ್ಷನ್ ಅಂತೆ. ನೀನು ಅಳಬೇಕಂತೆ."

"ಅಂತೆ ಅಷ್ಟೇ, ಪೆನ್ಸಿಲ್ಲಿಂದ ನಿಜವಾಗ್ಲೂ ಚುಚ್ಚಬೇಡ!"

ಪೇಪರ್ ಕೆಳಗಿಟ್ಟೆ. ನಾನು ಮೂರು ವಾರದಿಂದ ಕಲಿಸಲು ಒದ್ದಾಡುತ್ತಿದ್ದ ಗೆರೆ ಅಲ್ಲೇ ಇತ್ತು. ಒಂದು ಪುಟ್ಟ ಪದದಲ್ಲಿ. ಅಂತೆ ಅಂದಕೂಡಲೇ ಆಟ ಶುರು. ನಿಜವಾಗ್ಲೂ ಅಂದಕೂಡಲೇ ಆಟ ಬಂದ್. ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ. ಅಥವಾ ಎಲ್ಲರೂ ಹೇಳಿಕೊಟ್ಟಿದ್ದೇವೆ, ದಿನಾ ರಾತ್ರಿ. ಒಂದು ಊರಲ್ಲಿ ಒಬ್ಬ ರಾಜ ಇದ್ದನಂತೆ ಅಂತಲೇ ಅಲ್ಲವೇ ನಾವು ಕಥೆ ಶುರು ಮಾಡುವುದು? ರಾಜ ಇದ್ದ ಅಂದರೆ ಸಾಕ್ಷಿ ನಾನು ಕೊಡಬೇಕು. ಇದ್ದನಂತೆ ಅಂದರೆ ನನ್ನನ್ನು ಕೇಳಬೇಡಿ. ನಮ್ಮ ಕೆಲಸದಲ್ಲೂ ಇಂಥದ್ದೊಂದು ಸಾಲು ಬರೆಯುತ್ತೇವೆ, "ನಾವು ಖುದ್ದಾಗಿ ಪರಿಶೀಲಿಸಿಲ್ಲ" ಅಂತ. ಅಷ್ಟು ದೊಡ್ಡ ಸಾಲನ್ನು ಮಕ್ಕಳು ಎರಡಕ್ಷರದಲ್ಲಿ ಮುಗಿಸುತ್ತಾರೆ. ಮತ್ತೆ ಅದರಲ್ಲಿ ಬೈಗುಳ ಇಲ್ಲ. ಸುಳ್ಳುಗಾರ ಅಂತ ಇದೆ, ಅಂತೆಗಾರ ಅಂತ ಇಲ್ಲ.

ಅವತ್ತಿಂದ ನಾನು ಕೇಳುವ ಪ್ರಶ್ನೆ ಬದಲಾಯಿತು. ಅವಳು ಏನಾದರೂ ಹೇಳಿದಾಗ, ನನಗೆ ಗೊತ್ತಾಗದಿದ್ದರೆ, "ಇದು ಇತ್ತಾ, ಇತ್ತಂತೆನಾ?" ಅನ್ನುತ್ತೇನೆ. ಮೊದಲ ಸಲ ಕೇಳಿದಾಗ ಸ್ವಲ್ಪ ಅನುಮಾನದಿಂದ ನೋಡಿದಳು. ಇನ್ನೊಂದು ಬಲೆ ಅಂದುಕೊಂಡಿರಬೇಕು. ಆಮೇಲೆ "ಇತ್ತಂತೆ" ಅಂದಳು. "ಹಾಂ, ಸರಿ, ಆಮೇಲೆ?" ಅಂದೆ. ಅವತ್ತು ರಾತ್ರಿ ಡುಬ್ಬ ವಾಪಸ್ ಬಂದ.

ಅಂದಮಾತ್ರಕ್ಕೆ ಎಲ್ಲ ಸುಲಭವಾಯಿತು ಅಂತಲ್ಲ. ಒಂದು ಬೆಳಿಗ್ಗೆ ಹೆಂಡತಿ "ಅತ್ತೆ ನಾಳೆ ಬರ್ತಾರಂತೆ" ಅಂದಳು. ಮಗಳ ಕಣ್ಣಲ್ಲಿ ನೀರು. "ಹಾಗಾದ್ರೆ ಅಜ್ಜಿ ನಿಜವಾಗ್ಲೂ ಬರಲ್ವಾ?" ಇನ್ನೊಬ್ಬರು ಹೇಳಿ ನಾವು ಕೇಳಿದ ನಿಜಕ್ಕೂ ಅಂತೆಯೇ ಅಲ್ಲವೇ! ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಅಜ್ಜಿಗೇ ಫೋನ್ ಮಾಡಬೇಕಾಯಿತು.

ವಯಸ್ಸಿನದ್ದೂ ಇದೆ. ಮಗನಿಗೆ ಮೂರು ವರ್ಷ ಇದ್ದಾಗ ನಾನೊಮ್ಮೆ ಮೀಸೆ ಬೋಳಿಸಿದೆ. ಅವನ ಕಣ್ಣೆದುರೇ, ಕನ್ನಡಿಯ ಮುಂದೆ. ಅರ್ಧ ಮೀಸೆ ಇರುವವರೆಗೂ ನಗುತ್ತಿದ್ದ. ಪೂರ್ತಿ ಹೋದ ಮೇಲೆ ಓಡಿಹೋಗಿ ಅಮ್ಮನ ಹಿಂದೆ ನಿಂತ. ಸಂಜೆವರೆಗೂ ಹತ್ತಿರ ಬರಲಿಲ್ಲ. ಇವನಿಗೇನೋ ಆಗಿದೆ ಅಂತ ನಾನು ಹೆದರಿದ್ದೆ. ಈಗ ಓದಿದರೆ, 1969ರಲ್ಲೇ ರೀಟಾ ಡಿವ್ರೀಸ್ ಎಂಬವರು ಮೇನಾರ್ಡ್ ಅನ್ನುವ ಹೆಸರಿನ ಒಂದು ಸಾಧು ಬೆಕ್ಕಿಗೆ ನಾಯಿಯ ಮುಖವಾಡ ಹಾಕಿ ಮಕ್ಕಳಿಗೆ ತೋರಿಸಿದ್ದರಂತೆ. ಬೆಕ್ಕಿನ ಹಿಂಭಾಗ ಕಾಣುತ್ತಲೇ ಇದ್ದರೂ ಮೂರು ವರ್ಷದವರಲ್ಲಿ ಎಷ್ಟೋ ಮಂದಿ ಅದು ನಾಯಿಯೇ ಆಯಿತು ಅಂದುಕೊಂಡರು. ಆರರ ಹತ್ತಿರ ಬಂದವರು ನಕ್ಕರು, ಮುಖವಾಡ ಹಾಕಿದ ಮಾತ್ರಕ್ಕೆ ಬೆಕ್ಕು ನಾಯಿಯಾಗುತ್ತದಾ ಅಂತ. ಮುಖವಾಡ ಹಾಕಿಸಿಕೊಂಡು ಸುಮ್ಮನೆ ಕೂತ ಆ ಬೆಕ್ಕಿನ ತಾಳ್ಮೆಯ ಬಗ್ಗೆ ನನಗೆ ಇನ್ನೂ ಆಶ್ಚರ್ಯ.

ಕನಸಿನ ವಿಷಯದಲ್ಲಿ ಮಾತ್ರ ನಾನು ಇನ್ನೂ ತಡವರಿಸುತ್ತೇನೆ. ಒಂದು ಬೆಳಿಗ್ಗೆ ಎದ್ದವಳು ನನ್ನ ಜೊತೆ ಮಾತೇ ಆಡಲಿಲ್ಲ. ಹಲ್ಲುಜ್ಜಿಸಲು ಹೋದರೆ ಬಾಯಿ ಮುಚ್ಚಿಕೊಂಡಳು. ಕೊನೆಗೆ ಗೊತ್ತಾಯಿತು. ಕನಸಿನಲ್ಲಿ ನಾನು ಅವಳನ್ನು ಬಸ್ಸಿನಲ್ಲಿ ಬಿಟ್ಟು ಇಳಿದುಹೋಗಿದ್ದೆ.

"ಕನಸು ನಿಂದು ಪುಟ್ಟಿ, ನಂಗೆ ಹೇಗೆ ಗೊತ್ತಾಗುತ್ತೆ?"

"ನೀನೂ ಇದ್ಯಲ್ಲ ಅಲ್ಲಿ!"

ಪಿಯಾಜೆ ಎಂಬ ಸ್ವಿಸ್ ವಿದ್ವಾಂಸ 1920ರ ದಶಕದಲ್ಲೇ ಮಕ್ಕಳನ್ನು ಕನಸಿನ ಬಗ್ಗೆ ಕೂರಿಸಿ ಕೇಳಿದ್ದ. ಕನಸು ಹೊರಗಿನಿಂದ ಬರುತ್ತದೆ, ಕೋಣೆಯಲ್ಲೇ ನಡೆಯುತ್ತದೆ ಅಂತ ಚಿಕ್ಕ ಮಕ್ಕಳು ಹೇಳಿದ್ದರು. ಅಷ್ಟೇನೂ ದಡ್ಡರಲ್ಲ ಮಕ್ಕಳು, ಸರಿಯಾಗಿ ಕೇಳಿದರೆ ಚಿಕ್ಕವರಿಗೂ ಗೊತ್ತಿರುತ್ತದೆ ಅಂತ ಆಮೇಲೆ ಬಂದವರು ತೋರಿಸಿದರು. ಇಬ್ಬರದ್ದೂ ಸರಿ ಇರಬಹುದು. ಹಗಲಲ್ಲಿ ಕೇಳಿದರೆ ನನ್ನ ಮಗಳಿಗೂ ಗೊತ್ತು. ಆಗಷ್ಟೇ ಎದ್ದಾಗ ಗೊತ್ತಿಲ್ಲ. ನನಗೂ ಹಾಗೇ. ಪರೀಕ್ಷೆಗೆ ಓದಿಲ್ಲ ಅನ್ನುವ ಕನಸು ಬಿದ್ದು ಎದ್ದರೆ ಐದು ನಿಮಿಷ ಎದೆ ಬಡಿಯುತ್ತದೆ. ನಾನು ಪಾಸಾಗಿ ಇಪ್ಪತ್ತು ವರ್ಷವಾಯಿತು.

ಅವತ್ತು "ಬಸ್ಸಿನಲ್ಲಿ ಬಿಟ್ಟು ಹೋಗಿದ್ದಕ್ಕೆ ಸಾರಿ" ಅಂದುಬಿಟ್ಟೆ. ಮಾಡದ ತಪ್ಪಿಗೆ ಸಾರಿ ಕೇಳಿದರೆ ಔಷಧಿ ಬಾಟಲಿಯ ಕಥೆಯೇ ಮತ್ತೆ ಅಂತ ಹೆಂಡತಿಯ ವಾದ. ಇರಬಹುದು. ಆದರೆ ಅವಳ ಹೆದರಿಕೆ ಕನಸಿನದ್ದಲ್ಲ. ನನ್ನ ಎದುರು ಬಾಯಿ ಬಿಗಿಹಿಡಿದು ನಿಂತಿತ್ತು ಅದು. ಸಾರಿ ಅಂದ ಮೇಲೆ ಬಾಯಿ ತೆರೆದಳು, ಹಲ್ಲುಜ್ಜಿದೆವು. ಆಮೇಲೆ, ಅಪ್ಪ ಬಸ್ಸಿನಲ್ಲಿ ಬಿಟ್ಟು ಹೋಗುವವನಾ ಅಂತ ಮಾತಾಡಿದೆವು. ಕನಸಿನ ಅಪ್ಪ ಬೇರೆ, ಹಲ್ಲುಜ್ಜಿಸುವ ಅಪ್ಪ ಬೇರೆ ಅಂತ ಅವಳೇ ತೀರ್ಮಾನಿಸಿದಳು.

ಹಾರುವುದು, ಬೆಂಕಿ, ರಸ್ತೆ, ಇವುಗಳಲ್ಲಿ ಮಾತ್ರ ನಾನು ಇಷ್ಟೆಲ್ಲ ಚರ್ಚೆಗೆ ಇಳಿಯುವುದಿಲ್ಲ. ಟವೆಲ್ ಕಟ್ಟಿಕೊಂಡು ಮೇಜು ಹತ್ತಿದರೆ ಮೊದಲು ಎತ್ತಿ ಇಳಿಸುತ್ತೇನೆ. ಮಾತು ಆಮೇಲೆ.

ನನ್ನನ್ನು ಸೋಲಿಸಿದ ಪ್ರಶ್ನೆ ಫೋನಿನದು. ಅಜ್ಜಿ ವಿಡಿಯೋ ಕಾಲ್ ಮಾಡಿದ್ದರು. ಮಗಳು ತಾನು ಬರೆದ ಚಿತ್ರ ತೋರಿಸಿದಳು, ಅಜ್ಜಿ ಹೊಗಳಿದರು. ಕಾಲ್ ಮುಗಿದ ಮೇಲೆ ಅದೇ ಫೋನಿನಲ್ಲಿ ಕಾರ್ಟೂನ್ ಕರಡಿ ಬಂತು. ಅದಕ್ಕೂ ಚಿತ್ರ ತೋರಿಸಿದಳು. "ಅಜ್ಜಿಗೆ ಕಾಣುತ್ತೆ, ಕರಡಿಗೆ ಯಾಕೆ ಕಾಣಲ್ಲ?"

ಟಿವಿಯನ್ನು ತಲೆಕೆಳಗು ಮಾಡಿದರೆ ಅದರೊಳಗಿನ ಬಟ್ಟಲಿನ ಪಾಪ್‌ಕಾರ್ನ್ ಚೆಲ್ಲುತ್ತದೆ ಅಂತ ಮೂರು ವರ್ಷದ ಮಕ್ಕಳು ಹೇಳಿದ್ದನ್ನು ಮನಶ್ಶಾಸ್ತ್ರಜ್ಞ ಜಾನ್ ಫ್ಲಾವೆಲ್ ಮತ್ತು ಜೊತೆಯವರು 1990ರಲ್ಲಿ ಬರೆದಿದ್ದಾರೆ. ಆಗ ಟಿವಿ ಒಂದೇ ಕಡೆಯಿಂದ ಮಾತಾಡುತ್ತಿತ್ತು. ಒಳಗಿರುವುದೆಲ್ಲ ಬರೀ ಚಿತ್ರ ಅಂದರೆ ಸಾಕಿತ್ತು. ಈಗ ಅದೇ ಗಾಜಿನೊಳಗೆ ಅಜ್ಜಿಯೂ ಇದ್ದಾರೆ, ಕರಡಿಯೂ ಇದೆ. ನಾನು ಕ್ಯಾಮೆರಾ, ರೆಕಾರ್ಡಿಂಗ್ ಅಂತ ಏನೇನೋ ಹೇಳಿದೆ. ಅವಳು ಕೇಳಿಸಿಕೊಳ್ಳಲೂ ಇಲ್ಲ. ಅಷ್ಟರಲ್ಲಿ ಕರಡಿ "ಈಗ ನೀನು ಹೇಳು, ಇದು ಯಾವ ಬಣ್ಣ?" ಅಂತ ಕೇಳಿ ಕಣ್ಣು ಮಿಟುಕಿಸುತ್ತ ನಿಂತಿತು. ಅವಳು ಬೇಕೆಂದೇ ತುಟಿ ಬಿಚ್ಚಲಿಲ್ಲ. ಎರಡು ಕ್ಷಣ ಬಿಟ್ಟು ಕರಡಿ "ಶಭಾಷ್! ಸರಿಯಾಗಿ ಹೇಳಿದೆ!" ಅಂದಿತು.

ಮಗಳು ನನ್ನ ಕಡೆ ತಿರುಗಿದಳು. "ನಾನು ಏನೂ ಹೇಳೇ ಇಲ್ಲ! ಇದು ಬರೀ ಅಂತೆ ಕರಡಿ."

ಎಂಥ ಚೆಂದದ ಪರೀಕ್ಷೆ ಅಲ್ವಾ? ಖುಷಿಯಿಂದ ಮಗನಿಗೆ ಹೇಳಿದೆ. ಅವನು ತಲೆಯೆತ್ತದೆ, "ಹಾಗಾದ್ರೆ ಫೋನಲ್ಲಿ ಮಾತಾಡೋ ಅಸಿಸ್ಟೆಂಟ್? ಅದು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಲ್ಲ" ಅಂದ. ಆಮೇಲೆ ಒಂದು ವಿಡಿಯೋ ತೋರಿಸಿದ. ನಾಯಿಯೊಂದು ಮಗುವನ್ನು ಈಜುಕೊಳದಿಂದ ಎಳೆದು ತರುತ್ತಿತ್ತು. "ಇದು ನಿಜಾನಾ, ಕಂಪ್ಯೂಟರ್ ಮಾಡಿದ್ದಾ?" ನಾಲ್ಕು ಸಲ ನೋಡಿದೆ. ಹೇಳಲಾಗಲಿಲ್ಲ. "ನಾಯಿ ಎಳೆದು ತಂದಿತಂತೆ" ಅಂದೆ. ಇಬ್ಬರೂ ನಕ್ಕರು.

ಡುಬ್ಬನ ಸುದ್ದಿಗೆ ಬರುತ್ತೇನೆ. ಇಂಥ ಗೆಳೆಯರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ ಮಾರ್ಜೊರಿ ಟೇಲರ್ 2004ರಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ. ಅವರು ನೋಡಿದ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ಏಳು ವರ್ಷದೊಳಗೆ ಒಮ್ಮೆಯಾದರೂ ಇಂಥ ಗೆಳೆಯ ಇದ್ದ, ಜೀವ ತುಂಬಿದ ಗೊಂಬೆಗಳನ್ನೂ ಸೇರಿಸಿ. ನೋಡಿ, ಲೆಕ್ಕ ಅಂದರೆ ನನಗೆ ಧೈರ್ಯ ಬರುತ್ತದೆ. ಈ ಗೆಳೆಯರು ಮಾತು ಕೇಳುವುದಿಲ್ಲ, ಜಗಳವಾಡುತ್ತಾರೆ ಅಂತ ಮಕ್ಕಳು ದೂರುವುದೂ ಉಂಟಂತೆ. ಸಂದರ್ಶನದ ಮಧ್ಯೆ ಕೆಲವು ಮಕ್ಕಳು ಸಂಶೋಧಕರಿಗೇ, ಇದೆಲ್ಲ ಸುಮ್ನೆ ಅಂತ ನೆನಪಿಸುತ್ತಿದ್ದರಂತೆ. ಪಾಪ ನಂಬಿಬಿಟ್ಟಾರು ಅಂತ ಇರಬೇಕು.

ಕಳೆದ ತಿಂಗಳು ಒಂದು ರಾತ್ರಿ ಮಗಳು ತಾನೇ ಲೈಟ್ ಆರಿಸಿದಳು. ಡುಬ್ಬ ಎಲ್ಲಿ ಅಂತ ಕೇಳಿದೆ.

"ಹೋದನಂತೆ."

"ಎಲ್ಲಿಗೆ?"

"ನಂಗೇನ್ ಗೊತ್ತು? ಹೇಳಲಿಲ್ಲ ಅವನು."

ಮರುವಾರ ವಾಷಿಂಗ್ ಮೆಷಿನ್ ಕೆಟ್ಟಿತು. ರಿಪೇರಿಯವನು ಬಂದ. ಎರಡೂ ಕೈಯಲ್ಲಿ ಮೆಷಿನ್ ಹಿಡಿದು ಜೋರಾಗಿ ಮುಂದಕ್ಕೆ ಎಳೆದ.

"ಸ್ವಲ್ಪ ನಿಧಾನ, ಹಿಂದೆ" ಅಂದೆ. ಅಷ್ಟಕ್ಕೇ ನಿಲ್ಲಿಸಿದೆ.

ಅವನು ಬಗ್ಗಿ ನೋಡಿದ. ಒಂದು ಕ್ರಯಾನ್ ತುಂಡು, ಒಂಟಿ ಕಾಲುಚೀಲ, ನಾಲ್ಕು ಮಡಿಕೆ ಮಾಡಿ ಹಾಸಿದ ನನ್ನ ಒಂದು ಕರವಸ್ತ್ರ.

"ಹಿಂದೆ ಏನಿದೆ ಸಾರ್?"

"ಏನಿಲ್ಲ" ಅಂದೆ. "ಎಳೀರಿ."